ಮನೆಯ ಹಾಡಿನ ಭಂಡಾರ ಒಂದು ಕಂಪ್ಯೂಟರ್‌ಗೆ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ: ದೋಷ ಹುಡುಕುವ ಕ್ರಮ

ಕಲಬುರಗಿಯಲ್ಲಿ ನನಗೆ ಗೊತ್ತಿರುವ ಹಲವು ಮನೆಗಳಲ್ಲಿ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಹಾಡುಗಳ ದೊಡ್ಡ ಸಂಗ್ರಹಗಳಿವೆ. ಊರಿನ ಮಠದಲ್ಲಿ ರಾತ್ರಿಯಿಡೀ ಹಾಡಿದ ತತ್ವಪದ, ಮೊಹರಂ ಪದ, ಉರುಸಿನಲ್ಲಿ ಮುದ್ರಿಸಿಕೊಂಡ ಕವ್ವಾಲಿ, ಮದುವೆಯ ಸೋಬಾನೆ, ಜೊತೆಗೆ ಸಿನಿಮಾ ಹಾಡುಗಳು. ಸಿನಿಮಾ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ಸೋದರತ್ತೆಯ ಸೋಬಾನೆ ಆ ಒಂದು ಡಿಸ್ಕ್ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಆದ್ದರಿಂದ ಸಂಗ್ರಹವನ್ನು ಒಂದೇ ಕಂಪ್ಯೂಟರ್‌ನಲ್ಲಿ ಅಚ್ಚುಕಟ್ಟಾಗಿ ಇಟ್ಟು, ಉಳಿದ ಕಂಪ್ಯೂಟರ್, ಮೊಬೈಲ್, ಟಿವಿಗಳಿಂದ ಕೇಳುವ ವ್ಯವಸ್ಥೆ ಸರಿಯಾದದ್ದು. ಅದು ಕೆಟ್ಟಾಗ ಸರಿಪಡಿಸುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ದೂರು ಯಾವಾಗಲೂ ಒಂದೇ ಮಾತಿನಲ್ಲಿ ಬರುತ್ತದೆ: "ನೆಟ್‌ವರ್ಕ್ ಹೋಗಿದೆ." ಈ ಮಾತಿನ ಒಳಗೆ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಹಾಡಿರುವ ಕಂಪ್ಯೂಟರನ್ನು ತಲುಪಲು ಆಗದಿರುವುದು ಒಂದು. ತಲುಪಬಹುದು, ಆದರೆ ಪಟ್ಟಿಯಲ್ಲಿ ಅದರ ಹೆಸರು ಕಾಣದಿರುವುದು ಇನ್ನೊಂದು. ಕಂಡರೂ ಒಳಗೆ ಬಿಡದಿರುವುದು ಮೂರನೆಯದು. ಒಳಗೆ ಹೋದ ಮೇಲೂ ಹಾಡು ತೆರೆಯದಿರುವುದು ನಾಲ್ಕನೆಯದು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಇದ್ದದ್ದೂ ಕೆಡುತ್ತದೆ. ಫೈರ್‌ವಾಲ್ ಪೂರ್ತಿ ಆರಿಸುವುದು, ವಿಂಡೋಸ್ ಮತ್ತೆ ಹಾಕುವುದು, ಕಡತಗಳ ಕನ್ನಡ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬದಲಿಸುವುದು, ಇವೆಲ್ಲ ದೋಷ ಯಾವುದೆಂದು ತಿಳಿಯುವ ಮುನ್ನ ಮಾಡುವ ಕೆಲಸಗಳು. ಮೂರರಲ್ಲಿ ಒಂದೂ ಬೇಕಾಗುವುದಿಲ್ಲ.

ನಾನು ಗಮನದಲ್ಲಿಟ್ಟುಕೊಂಡಿರುವ ಏರ್ಪಾಡು ಹೀಗಿದೆ: ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್ ಒಂದು ಸರ್ವರ್ (ಹಾಡು ಹಂಚುವ ಕಂಪ್ಯೂಟರ್), ಅದರಲ್ಲಿ ಸಾಂಬಾ ಮೂಲಕ, ಅಂದರೆ ಲಿನಕ್ಸ್‌ನ ಫೋಲ್ಡರನ್ನು ಬೇರೆ ಕಂಪ್ಯೂಟರ್‌ಗಳಿಗೆ ತೆರೆದಿಡುವ ತಂತ್ರಾಂಶದ ಮೂಲಕ, ಹಂಚಿಕೊಂಡ ಹಾಡಿನ ಫೋಲ್ಡರ್. ಕೇಳುವ ಕಡೆ ವಿಂಡೋಸ್ 10 ಅಥವಾ 11 ಇರುವ ಲ್ಯಾಪ್‌ಟಾಪ್‌ಗಳು, ಬಹುಶಃ ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಕ್ಕಳ ಒಂದು ಮ್ಯಾಕ್.

ಮೊದಲು ತಲುಪುತ್ತದೆಯೇ ನೋಡಿ

ಸರ್ವರ್‌ನ ಐಪಿ ವಿಳಾಸವನ್ನು, ಅಂದರೆ ಮನೆಯ ಜಾಲದಲ್ಲಿ ಅದರ ಸಂಖ್ಯೆಯನ್ನು, ಸರ್ವರ್‌ನಲ್ಲೇ ನೋಡಿ ಬರೆದುಕೊಳ್ಳಿ. 192.168.1.10 ಎಂದಿಟ್ಟುಕೊಳ್ಳೋಣ. ಹಾಡು ಸಿಗದ ಲ್ಯಾಪ್‌ಟಾಪ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮೇಲಿನ ವಿಳಾಸಪಟ್ಟಿಗೆ \\192.168.1.10 ಎಂದು ಬೆರಳಚ್ಚು ಮಾಡಿ ಎಂಟರ್ ಒತ್ತಿ. ಫೋಲ್ಡರ್ ತೆರೆದುಕೊಂಡರೆ ತಂತಿ, ವೈಫೈ, ರೂಟರ್, ಸಾಂಬಾ ಎಲ್ಲವೂ ಸರಿ ಇವೆ. ಕೆಟ್ಟಿರುವುದು ಪಟ್ಟಿಯಲ್ಲಿ ಕಾಣಿಸುವ ಏರ್ಪಾಡು ಮಾತ್ರ. ಪಾಸ್‌ವರ್ಡ್ ಕೇಳಿದರೆ ಅಥವಾ ಅನುಮತಿ ಇಲ್ಲ ಎಂದರೆ, ತಲುಪಿದ್ದೀರಿ, ಬಾಗಿಲಲ್ಲಿ ನಿಂತಿದ್ದೀರಿ ಎಂದು ಅರ್ಥ. ಬಹಳ ಹೊತ್ತು ಹುಡುಕಿ ಕೊನೆಗೆ 80070035 ಎಂಬ ಸಂಖ್ಯೆಯೊಡನೆ ದಾರಿ ಸಿಗಲಿಲ್ಲ ಎಂದರೆ ಮಾತ್ರ ತಲುಪಿಲ್ಲವೆಂದು ಅನುಮಾನಿಸಿ, ಪಿಂಗ್ ಮಾಡಿ, ಅಂದರೆ ಆ ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿ. ಪಿಂಗ್ ಒಂದನ್ನೇ ನಂಬಬೇಡಿ: ವಿಂಡೋಸ್ ಕಂಪ್ಯೂಟರ್ ಸರ್ವರ್ ಆಗಿದ್ದರೆ ಅದು ಪಿಂಗ್‌ಗೆ ಉತ್ತರ ಕೊಡದೆಯೂ ಹಾಡನ್ನು ಕೊಡಬಲ್ಲದು.

ತಲುಪದಿದ್ದರೆ ಎರಡೂ ಕಂಪ್ಯೂಟರ್‌ಗಳ ವಿಳಾಸವನ್ನು ಒಂದೇ ಕಾಗದದಲ್ಲಿ ಒಂದರ ಕೆಳಗೊಂದು ಬರೆಯಿರಿ. ಮೊದಲ ಮೂರು ಸಂಖ್ಯೆಗಳು ಒಂದೇ ಆಗಿವೆಯೇ? ಅಲ್ಲಿ ವ್ಯತ್ಯಾಸವಿದ್ದರೆ ದೋಷ ಸಿಕ್ಕಿತು.

ಎರಡು ರೂಟರ್‌ಗಳ ಮನೆ

ನಮ್ಮ ಭಾಗದ ಮನೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ, ಅದಕ್ಕೆ ಕಾರಣವೂ ಇದೆ. ಹಳೆಯ ಕಲ್ಲಿನ ಗೋಡೆಗಳು ದಪ್ಪ. ಕೆಳಗಿನ ಪಡಸಾಲೆಯಲ್ಲಿ ಫೈಬರ್ ಸಂಪರ್ಕದವರು ಕೂರಿಸಿದ ರೂಟರ್‌ನ ವೈಫೈ ಮೇಲಿನ ಕೋಣೆಗೆ ಹತ್ತುವುದಿಲ್ಲ, ಅದರಲ್ಲೂ 5 ಗಿಗಾಹರ್ಟ್ಸ್‌ನದು ಒಂದು ಗೋಡೆ ದಾಟುವಷ್ಟರಲ್ಲೇ ಸೋಲುತ್ತದೆ. ಆಗ ಅಂಗಡಿಯಿಂದ ಇನ್ನೊಂದು ರೂಟರ್ ತಂದು, ಕೆಳಗಿನಿಂದ ತಂತಿ ಎಳೆದು ಮೇಲೆ ಇಡುತ್ತಾರೆ. ಇಂಟರ್‌ನೆಟ್ ಎರಡೂ ಕಡೆ ಚೆನ್ನಾಗಿ ಬರುತ್ತದೆ. ಹಾಗಾಗಿ ಆ ರೂಟರ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಬ್ರಹ್ಮಪುರದ ಒಂದು ಮನೆಯಲ್ಲಿ ಸರ್ವರ್ ಮಹಡಿಯ ಮೇಲೆ, ಹಿರಿಯರ ಕಂಪ್ಯೂಟರ್ ಕೆಳಗೆ. ಲ್ಯಾಪ್‌ಟಾಪನ್ನು ಮೇಲೆ ಒಯ್ದರೆ ಹಾಡುತ್ತದೆ, ಕೆಳಗೆ ತಂದರೆ ಇಲ್ಲ. ವೈಫೈ ಬಲ ಸಾಲದು ಎಂದೇ ಮನೆಯವರು ತೀರ್ಮಾನಿಸಿದ್ದರು.

"ಕಾಕಾ, ಮೇಲಿನ ಡಬ್ಬಿಗೆ ಕೆಳಗಿನಿಂದ ಬಂದ ತಂತಿ ಯಾವ ರಂಧ್ರದಲ್ಲಿದೆ?"

"ನೀಲಿ ಬಣ್ಣದ್ದರಲ್ಲಿ ಇದೆ, ತಮ್ಮಾ. ತಂದಾಗಿನಿಂದ ಅಲ್ಲೇ ಇದೆ."

ಹಲವು ರೂಟರ್‌ಗಳಲ್ಲಿ ನೀಲಿ ಬಣ್ಣದ್ದು ವ್ಯಾನ್ ರಂಧ್ರ, ಅಂದರೆ ಹೊರಜಗತ್ತಿನ ಕಡೆಯದು. ತಂತಿ ಅಲ್ಲಿದ್ದರೆ ಮೇಲಿನ ರೂಟರ್ ಕೆಳಗಿನ ಮನೆಯನ್ನೇ ಹೊರಜಗತ್ತು ಎಂದು ತಿಳಿದು, ತನ್ನ ಹಿಂದೆ ಪ್ರತ್ಯೇಕ ಜಾಲವನ್ನು ಕಟ್ಟುತ್ತದೆ. ಕೆಳಗೆ 192.168.1 ಸಾಲು, ಮೇಲೆ 192.168.0 ಸಾಲು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮೇಲಿನವರು ಕೆಳಗಿನವರನ್ನು ವಿಳಾಸ ಕೊಟ್ಟು ತಲುಪಬಹುದು, ಏಕೆಂದರೆ ಅವರ ಕೋರಿಕೆ ಇಂಟರ್‌ನೆಟ್‌ಗೆ ಹೋಗುವ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕೆಳಗಿನವರು ಮೇಲಿನವರನ್ನು ತಲುಪಲಾರರು, ರೂಟರ್ ತಡೆಯುತ್ತದೆ. ಪಟ್ಟಿಯಲ್ಲಿ ಹೆಸರು ಕಾಣಿಸುವುದು ಎರಡೂ ದಿಕ್ಕಿನಲ್ಲಿ ಇಲ್ಲ. ಒಂದು ದಿಕ್ಕಿನಲ್ಲಿ ಮಾತ್ರ ಹಾಡು ಸಿಗುತ್ತಿದೆ ಎಂದು ಯಾರಾದರೂ ಹೇಳಿದರೆ ಬೇರೇನನ್ನೂ ನೋಡದೆ ರೂಟರ್‌ಗಳನ್ನು ಎಣಿಸಿ.

ಪರಿಹಾರಕ್ಕೆ ಹಣ ಬೇಕಿಲ್ಲ. ಮೇಲಿನ ರೂಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ವಿಧಾನ (ಪ್ರತ್ಯೇಕ ಜಾಲ ಕಟ್ಟದೆ ವೈಫೈ ಮಾತ್ರ ಕೊಡುವುದು) ಇದ್ದರೆ ಅದನ್ನು ಆಯ್ದುಕೊಳ್ಳಿ, ಮುಗಿಯಿತು. ಇಲ್ಲದಿದ್ದರೆ ಕೈಯಾರೆ ಮಾಡಿ, ಆದರೆ ಕ್ರಮ ತಪ್ಪಬಾರದು. ಮೊದಲು ಮೇಲಿನ ರೂಟರ್‌ನ ಸ್ವಂತ ವಿಳಾಸವನ್ನು ಕೆಳಗಿನ ಸಾಲಿಗೆ, 192.168.1.2 ಎಂಬಂತೆ ಬದಲಿಸಿ. ಕೆಳಗಿನ ರೂಟರ್ ಹಂಚುವ ವಿಳಾಸಗಳು 50ರ ಆಚೆಯಿಂದ ಶುರುವಾಗುವಂತೆ ಮಾಡಿ, ಈ ವಿಳಾಸ ಬೇರೆ ಯಾರಿಗೂ ಹೋಗದಿರಲಿ. ಆಮೇಲೆ ಮೇಲಿನ ರೂಟರ್‌ನ ಡಿಎಚ್‌ಸಿಪಿಯನ್ನು, ಅಂದರೆ ವಿಳಾಸ ಹಂಚುವ ಕೆಲಸವನ್ನು, ನಿಲ್ಲಿಸಿ. ಕೊನೆಗೆ ತಂತಿಯನ್ನು ನೀಲಿ ರಂಧ್ರದಿಂದ ಕಿತ್ತು ಪಕ್ಕದ ಲ್ಯಾನ್ ರಂಧ್ರಕ್ಕೆ ಹಾಕಿ. ಡಿಎಚ್‌ಸಿಪಿಯನ್ನೇ ಮೊದಲು ನಿಲ್ಲಿಸಿಬಿಟ್ಟರೆ ರೂಟರ್‌ನ ಪುಟಕ್ಕೆ ಮತ್ತೆ ಹೋಗುವುದೇ ಕಷ್ಟವಾಗುತ್ತದೆ. ನಂತರ ಎಲ್ಲ ಉಪಕರಣಗಳನ್ನು ಒಮ್ಮೆ ಆರಿಸಿ ಹಚ್ಚಿ, ಹೊಸ ಸಾಲಿನ ವಿಳಾಸ ಬರುತ್ತದೆ.

ಮೊದಲ ಮೂರು ಸಂಖ್ಯೆ ಒಂದೇ ಇದ್ದೂ ತಲುಪದಿದ್ದರೆ ಲ್ಯಾಪ್‌ಟಾಪ್ ಅತಿಥಿ ವೈಫೈಗೆ ಸೇರಿಕೊಂಡಿದೆಯೇ ನೋಡಿ. ಅತಿಥಿ ವೈಫೈ ಇರುವುದೇ ಮನೆಯ ಬೇರೆ ಕಂಪ್ಯೂಟರ್‌ಗಳನ್ನು ಮುಟ್ಟದಂತೆ ತಡೆಯಲು. ಕೆಲವು ರೂಟರ್‌ಗಳಲ್ಲಿ ಮುಖ್ಯ ವೈಫೈಗೂ ಎಪಿ ಐಸೊಲೇಷನ್ ಎಂಬ ತಡೆ ಇರುತ್ತದೆ, ಅದನ್ನು ತೆಗೆಯಿರಿ.

ಕರೆಂಟ್ ಹೋಗಿ ಬಂದ ಮೇಲೆ

ನಿನ್ನೆ ಸರಿ ಇತ್ತು, ಇಂದು ಇಲ್ಲ ಎಂದರೆ ನಡುವೆ ಕರೆಂಟ್ ಹೋಗಿತ್ತೇ ಕೇಳಿ. ರೂಟರ್ ಮತ್ತೆ ಹತ್ತಿದಾಗ ಸರ್ವರ್‌ಗೆ ಬೇರೆ ವಿಳಾಸ ಕೊಟ್ಟಿರಬಹುದು; ಲ್ಯಾಪ್‌ಟಾಪ್ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರ್‌ನ ಪುಟದಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ಆಪಲ್‌ನ ಮ್ಯಾಕ್ ಅಲ್ಲ, ಜಾಲದ ಯಂತ್ರಾಂಶಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು) ಒಂದು ಐಪಿಯನ್ನು ಕಾಯಂ ಕಾಯ್ದಿರಿಸಿದರೆ ಈ ತೊಂದರೆ ಮತ್ತೆ ಬರುವುದಿಲ್ಲ. ಕರೆಂಟ್ ಬಂದಾಗ ಡೆಸ್ಕ್‌ಟಾಪ್ ತಾನಾಗಿ ಹತ್ತುವಂತೆ ಬಯಾಸ್‌ನಲ್ಲಿ (ಕಂಪ್ಯೂಟರ್ ಹತ್ತುವಾಗಿನ ಮೂಲ ಸೆಟ್ಟಿಂಗ್) ಸೂಚನೆ ಕೊಡಬಹುದು. ರೂಟರ್ ಇನ್ವರ್ಟರ್ ಮೇಲಿದ್ದು ಸರ್ವರ್ ನೇರ ಕರೆಂಟ್ ಮೇಲಿರುವ ಮನೆಗಳನ್ನು ನೋಡಿದ್ದೇನೆ. ಆಗಬೇಕಾದದ್ದು ಎರಡೂ ಇನ್ವರ್ಟರ್ ಮೇಲೆ. ಕೆಲಸದಲ್ಲಿರುವ ಡಿಸ್ಕ್‌ಗೆ ಹಠಾತ್ತನೆ ಕರೆಂಟ್ ಹೋಗುವುದು ಒಳ್ಳೆಯದಲ್ಲ.

ತಲುಪುತ್ತದೆ, ಪಟ್ಟಿಯಲ್ಲಿ ಕಾಣುವುದಿಲ್ಲ

ಇದು ಸಣ್ಣ ದೋಷ. ವಿಳಾಸ ಕೊಟ್ಟರೆ ತೆರೆಯುತ್ತದೆ ಎಂದಾದರೆ ಆ ಫೋಲ್ಡರನ್ನೇ ಒಂದು ಡ್ರೈವ್ ಅಕ್ಷರಕ್ಕೆ ಜೋಡಿಸಿ ನೆಮ್ಮದಿಯಾಗಿರಬಹುದು. ಕಾಣಲೇಬೇಕು ಎಂದರೆ ಎರಡು ಕಡೆ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಮನೆಯ ವೈಫೈ ಸಾರ್ವಜನಿಕ ಎಂದು ನಮೂದಾಗಿದ್ದರೆ ವಿಂಡೋಸ್ ಅಕ್ಕಪಕ್ಕದ ಕಂಪ್ಯೂಟರ್‌ಗಳನ್ನು ಹುಡುಕುವುದಿಲ್ಲ. ಖಾಸಗಿ ಎಂದು ಬದಲಿಸಿ. ಸರ್ವರ್ ಕಡೆ, ಈಗಿನ ವಿಂಡೋಸ್ ಹುಡುಕುವ ಪದ್ಧತಿಗೆ ಸಾಂಬಾ ತಾನಾಗಿ ಉತ್ತರ ಕೊಡುವುದಿಲ್ಲ, ಡಬ್ಲ್ಯುಎಸ್‌ಡಿಡಿ ಎಂಬ ಸಣ್ಣ ತಂತ್ರಾಂಶವನ್ನು ಹಾಕಿಕೊಳ್ಳಬೇಕು. ಟಿವಿಯ ಡಿಎಲ್‌ಎನ್‌ಎ ಪಟ್ಟಿಯಲ್ಲಿ (ಜಾಲದಲ್ಲಿರುವ ಹಾಡು, ಚಿತ್ರಗಳನ್ನು ತೋರಿಸುವುದು) ಸರ್ವರ್ ಬಾರದಿದ್ದರೆ ಫೈರ್‌ವಾಲ್‌ನಲ್ಲಿ ಯುಡಿಪಿ 1900 ಎಂಬ ದ್ವಾರ ತೆರೆದಿದೆಯೇ ನೋಡಿ. ಅದೇ ರೀತಿ ಬಾನ್‌ಜೂರ್ ಎಂಬ ಆಪಲ್‌ನ ಹುಡುಕುವ ಪದ್ಧತಿ ಬಳಸುವ ಪ್ಲೇಯರ್‌ಗಳಿಗೆ ಯುಡಿಪಿ 5353 ಬೇಕು.

ಕಾಣುತ್ತದೆ, ಒಳಗೆ ಬಿಡುವುದಿಲ್ಲ

ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟಿದ್ದೇನೆ ಎನ್ನುವವರು ಲಿನಕ್ಸ್‌ನ ಪಾಸ್‌ವರ್ಡ್ ಕೊಡುತ್ತಿರುತ್ತಾರೆ. ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ; ಬಳಕೆದಾರನನ್ನು ಅಲ್ಲಿಗೂ ಸೇರಿಸಬೇಕು. ಒಮ್ಮೆ ತಪ್ಪು ಪಾಸ್‌ವರ್ಡ್ ನೆನಪಿಟ್ಟುಕೊಂಡ ವಿಂಡೋಸ್ ಅದನ್ನೇ ಮತ್ತೆ ಮತ್ತೆ ಕಳಿಸುವುದೂ ಉಂಟು. ವಿಂಡೋಸ್ ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಸರ್ವರ್‌ನ ಹಳೆಯ ನಮೂದನ್ನು ಅಳಿಸಿ.

ವಿಂಡೋಸ್ 11 ಪ್ರೊ 2024ರ ಆವೃತ್ತಿಗೆ ಏರಿದ ಮೇಲೆ ಹಾಡು ನಿಂತಿದ್ದರೆ ಕಾರಣ ಬೇರೆ. ಆ ಆವೃತ್ತಿ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಮುಚ್ಚಿದೆ, ಪ್ರತಿ ಸಂದೇಶಕ್ಕೂ ಸಹಿ ಇರಲೇಬೇಕು ಎನ್ನುತ್ತದೆ. ಅತಿಥಿಗೆ ಸಹಿ ಮಾಡಲು ಬರುವುದಿಲ್ಲ. ಸರ್ವರ್‌ನಲ್ಲಿ ಮನೆಮಂದಿಗೆಲ್ಲ ಓದಲು ಮಾತ್ರ ಅನುಮತಿ ಇರುವ ಒಬ್ಬ ಬಳಕೆದಾರನನ್ನು ಮಾಡಿ, ಪಾಸ್‌ವರ್ಡ್ ಇಡಿ. ವಿಂಡೋಸ್‌ನ ರಕ್ಷಣೆಯನ್ನು ಸಡಿಲಿಸುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಹಾಗೆಯೇ ರೂಟರ್‌ನ ಯುಎಸ್‌ಬಿ ರಂಧ್ರಕ್ಕೆ ಡಿಸ್ಕ್ ಚುಚ್ಚಿ ಹಂಚಿಕೊಳ್ಳುವ ಹಳೆಯ ರೂಟರ್‌ಗಳು ಫೋಲ್ಡರ್ ಹಂಚುವ ಪದ್ಧತಿಯ ಹಳೆಯ ರೂಪವಾದ ಎಸ್‌ಎಂಬಿ 1 ಬಿಟ್ಟು ಬೇರೇನೂ ಅರಿಯವು. 2017ರಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಎಸ್‌ಎಂಬಿ 1ರ ಲೋಪದಿಂದಲೇ. ಅದನ್ನು ಮತ್ತೆ ತೆರೆಯುವ ಬದಲು ಡಿಸ್ಕನ್ನು ಡೆಸ್ಕ್‌ಟಾಪ್‌ಗೆ ವರ್ಗಾಯಿಸಿ.

ತಡೆತಡೆದು ಹಾಡುವುದು

ಅತ್ಯುತ್ತಮ ಎಂಪಿ3ಗೆ ಸೆಕೆಂಡಿಗೆ 320 ಕಿಲೊಬಿಟ್ ಸಾಕು. ಕುಗ್ಗಿಸದ ಸಿಡಿ ಗುಣಮಟ್ಟಕ್ಕೆ 1411. ಹಳೆಯ 100 ಮೆಗಾಬಿಟ್ ತಂತಿಯಲ್ಲೂ ಹತ್ತಾರು ಹಾಡುಗಳು ಒಟ್ಟಿಗೆ ಹೋಗಬಲ್ಲವು. ಆದ್ದರಿಂದ ಇಂಟರ್‌ನೆಟ್ ಪ್ಯಾಕ್ ಹೆಚ್ಚಿಸಬೇಡಿ; ಮನೆಯೊಳಗಿನ ಹಾಡು ಇಂಟರ್‌ನೆಟ್ ಮುಟ್ಟುವುದೇ ಇಲ್ಲ. ಮೊದಲ ಹಾಡಿಗೆ ಮಾತ್ರ ಕೆಲವು ಸೆಕೆಂಡು ಕಾಯಬೇಕಾಗಿ ಆಮೇಲೆ ಸರಾಗ ಎಂದರೆ ಮಲಗಿದ್ದ ಡಿಸ್ಕ್ ಎದ್ದು ತಿರುಗುತ್ತಿದೆ, ಅದು ದೋಷವಲ್ಲ. ಹಾಡಿನ ನಡುವೆ ಕಡಿದರೆ ಸರ್ವರ್ ವೈಫೈ ಮೇಲಿರಬಹುದು. ಸರ್ವರ್ ಯಾವಾಗಲೂ ತಂತಿಯಲ್ಲೇ ಇರಲಿ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬಂದು ಫೋಲ್ಡರ್ ಮಾಯವಾಗಿ ಮತ್ತೆ ಬಂದರೆ ಬೇರೆಲ್ಲ ಬಿಟ್ಟು ಮೊದಲು ನಕಲು ತೆಗೆದುಕೊಳ್ಳಿ. ಯುಎಸ್‌ಬಿ ಡಿಸ್ಕ್‌ಗೆ ವಿದ್ಯುತ್ ಸಾಲದಿರಬಹುದು, ಡಿಸ್ಕೇ ಸಾಯುತ್ತಿರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುತ್ತದೆ. ಎಷ್ಟೋ ಡಿಸ್ಕ್‌ಗಳು ತಡೆಯುವ ಮಿತಿ 60. ಗಾಳಿಯಾಡದ ಕಪಾಟಿನೊಳಗೆ ಸರ್ವರ್ ಇಟ್ಟರೆ ಆ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಕಲಬುರಗಿ ತೆರೆಯುತ್ತದೆ, ಬೀದರ್ ತೆರೆಯುವುದಿಲ್ಲ

ಈಗ ಹೇಳುವ ದೋಷ ಬರೀ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡುವವರಿಗೆ ಬರುವುದಿಲ್ಲ, ಕನ್ನಡದಲ್ಲಿ ಹೆಸರಿಡುವವರಿಗೆ ಬರುತ್ತದೆ. ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಸಂಗ್ರಹವನ್ನು ಊರಿನ ಪ್ರಕಾರ ವಿಂಗಡಿಸಿದ್ದಾರೆ ಎಂದುಕೊಳ್ಳಿ: ಕಲಬುರಗಿ, ಬೀದರ್, ಯಾದಗಿರಿ, ಸೇಡಂ, ಚಿಂಚೋಳಿ, ಆಳಂದ. ಕಲಬುರಗಿ, ಯಾದಗಿರಿ, ಆಳಂದ ಎಲ್ಲ ಕಂಪ್ಯೂಟರ್‌ಗಳಲ್ಲೂ ತೆರೆಯುತ್ತವೆ. ಬೀದರ್ ಎರಡೆರಡು ಬಾರಿ ಕಾಣುತ್ತದೆ, ಒಂದರಲ್ಲಿ ಅರ್ಧ ಹಾಡು, ಇನ್ನೊಂದರಲ್ಲಿ ಉಳಿದರ್ಧ. ಸೇಡಂ, ಚಿಂಚೋಳಿಗಳ ಹೆಸರು ಮ್ಯಾಕ್‌ನಲ್ಲಿ ಕಾಣುತ್ತದೆ, ಒತ್ತಿದರೆ ಅಂಥದ್ದು ಇಲ್ಲ ಎನ್ನುತ್ತದೆ. ಹಾಡುಗಳ ಪ್ಲೇಲಿಸ್ಟ್ ಈ ಊರುಗಳ ಹಾಡುಗಳನ್ನಷ್ಟೇ ಹಾರಿಸಿ ಮುಂದೆ ಹೋಗುತ್ತದೆ. ಅನುಮತಿ, ಡಿಸ್ಕ್, ವೈಫೈ ಎಲ್ಲವನ್ನೂ ನೋಡಿದರೂ ತಪ್ಪು ಸಿಗುವುದಿಲ್ಲ.

ಊರುಗಳ ಹೆಸರನ್ನೇ ಇನ್ನೊಮ್ಮೆ ನೋಡಿ. ಕೆಟ್ಟವುಗಳಲ್ಲಿ ಬೀ, ಸೇ, ಚೋ ಇವೆ. ಯುನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್‌ಗಾಗಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಲ್ಲಿ, ಗುಡಿಸಿನ ದೀರ್ಘವನ್ನು ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿ. ಏತ್ವದ ದೀರ್ಘ, ಐತ್ವ, ಓತ್ವ, ಓತ್ವದ ದೀರ್ಘ ಇವುಗಳದ್ದೂ ಅದೇ ಕಥೆ. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಸೇರಿಸಿ ಬರೆಯುವ ಕ್ರಮಕ್ಕೆ ಎನ್‌ಎಫ್‌ಸಿ ಎಂದೂ ಬಿಡಿಸಿ ಬರೆಯುವ ಕ್ರಮಕ್ಕೆ ಎನ್‌ಎಫ್‌ಡಿ ಎಂದೂ ಹೆಸರು. ನಮ್ಮ ಕೀಲಿಮಣೆಗಳು ಸಾಮಾನ್ಯವಾಗಿ ಸೇರಿಸಿಯೇ ಬರೆಯುತ್ತವೆ. ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು, ಅಂದರೆ 2017ರಲ್ಲಿ ಎಪಿಎಫ್‌ಎಸ್ ಬರುವ ಮುಂಚಿನ ಪದ್ಧತಿಯವು, ಹೆಸರನ್ನು ಬಿಡಿಸಿ ಇಡುತ್ತವೆ. ಅಂಥ ಮ್ಯಾಕ್‌ನಲ್ಲಿ ಕಟ್ಟಿದ ಜಿಪ್ ಕಡತವನ್ನು ಲಿನಕ್ಸ್‌ನಲ್ಲಿ ಬಿಚ್ಚಿದರೆ ಬಿಡಿಸಿದ ಹೆಸರೇ ಬರಬಹುದು. ಲಿನಕ್ಸ್ ಹೆಸರುಗಳನ್ನು ಬೈಟ್ ಬೈಟ್ ಹೋಲಿಸುತ್ತದೆ. ಅದರ ಪಾಲಿಗೆ ಇವು ಎರಡು ಬೇರೆ ಊರುಗಳು.

ಖಚಿತಪಡಿಸಿಕೊಳ್ಳಲು ಹೆಸರಿನ ಬೈಟ್‌ಗಳನ್ನು ಎಣಿಸಿ. ಒಂದು ಕನ್ನಡ ಸಂಕೇತಕ್ಕೆ 3 ಬೈಟ್. ಸೇರಿಸಿ ಬರೆದ ಬೀದರ್‌ಗೆ ಐದು ಸಂಕೇತ: ಬ, ಗುಡಿಸಿನ ದೀರ್ಘ, ದ, ರ, ಕೊನೆಯ ಅರ್ಧಾಕ್ಷರದ ಚಿಹ್ನೆ. ಒಟ್ಟು 15 ಬೈಟ್. ಬಿಡಿಸಿ ಬರೆದದ್ದಕ್ಕೆ ಆರು ಸಂಕೇತ, 18 ಬೈಟ್. ಟರ್ಮಿನಲ್‌ನಲ್ಲಿ ಎರಡೂ ಫೋಲ್ಡರ್‌ಗಳ ಹೆಸರಿನ ಉದ್ದ ಹೀಗೆ ಬೇರೆ ಬಂದರೆ ದೋಷ ಇದೇ. ಕಲಬುರಗಿ ಹೇಗೆ ಬರೆದರೂ ಒಂದೇ, ಏಕೆಂದರೆ ಬರೀ ಕೊಂಬು ಮತ್ತು ಗುಡಿಸಿಗೆ ಬಿಡಿಸಿದ ರೂಪವಿಲ್ಲ.

ಸರಿಪಡಿಸಲು ಲಿನಕ್ಸ್‌ನಲ್ಲಿ ಕನ್ವ್‌ಎಂವಿ ಎಂಬ ಉಪಕರಣವಿದೆ. ಟಿವಿ, ಪ್ಲೇಯರ್‌ಗಳಿಗೆ ಹಾಡಿನ ಪಟ್ಟಿ ಕೊಡುವ ತಂತ್ರಾಂಶ ಸರ್ವರ್‌ನಲ್ಲಿದ್ದರೆ ಅದನ್ನು ನಿಲ್ಲಿಸಿ, ಪೂರ್ತಿ ಸಂಗ್ರಹದ ನಕಲನ್ನು ಬೇರೆ ಡಿಸ್ಕ್‌ನಲ್ಲಿಟ್ಟು, ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿಗೆ ತರುವಂತೆ ಅದಕ್ಕೆ ಹೇಳಿ. ಮೊದಲ ಸಲ ಅದು ಏನನ್ನೂ ಬದಲಿಸದೆ, ಏನೇನು ಬದಲಿಸುತ್ತೇನೆ ಎಂಬ ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಕಣ್ಣಾರೆ ಓದಿ, ಆಮೇಲೆ ನಿಜವಾಗಿ ನಡೆಸಿ. ಎರಡೂ ಬೀದರ್‌ಗಳು ಒಂದೇ ಕಡೆ ಇದ್ದರೆ ಮೊದಲು ಅವನ್ನು ಕೈಯಾರೆ ಕೂಡಿಸಬೇಕು; ಒಂದೇ ಹೆಸರಿನ ಎರಡು ಹಾಡುಗಳಲ್ಲಿ ಒಂದನ್ನು ಅಳಿಸುವ ಮುನ್ನ ಎರಡನ್ನೂ ಕೇಳಿ. ಒಂದೇ ಪದವನ್ನು ಬೇರೆ ಬೇರೆ ರಾತ್ರಿ ಹಾಡಿದ್ದಿರಬಹುದು. ಮುಂದೆ ಮ್ಯಾಕ್‌ನಿಂದ ಹಾಡು ತರುವಾಗ ಜಿಪ್ ಕಟ್ಟದೆ, ಜಾಲದ ಮೂಲಕ ಹಂಚಿಕೆಯ ಫೋಲ್ಡರ್‌ಗೇ ಹಾಕಿ. ಆ ದಾರಿಯಲ್ಲಿ ಮ್ಯಾಕ್ ಹೆಸರನ್ನು ಸೇರಿಸಿಯೇ ಕಳಿಸುತ್ತದೆ.

ಎನ್‌ಎಫ್‌ಸಿ ಮಾಡಿದ ಮೇಲೂ ಜೋಡಿ ಹೆಸರು ಉಳಿದರೆ ಅಕ್ಷರಗಳನ್ನು ಕೂಡಿಸುವ ಅಥವಾ ಬೇರ್ಪಡಿಸುವ, ಕಣ್ಣಿಗೆ ಕಾಣದ ಸಂಕೇತವೊಂದು ಒಳಗೆ ಕುಳಿತಿದೆ. ಅದೂ 3 ಬೈಟ್ ತೂಗುತ್ತದೆ. ಹೆಸರನ್ನು ಅಳಿಸಿ ಹೊಸದಾಗಿ ಬೆರಳಚ್ಚು ಮಾಡುವುದೇ ಇದಕ್ಕೆ ಸುಲಭದ ದಾರಿ.

ಉದ್ದದ ತೊಂದರೆಯೂ ಇದೇ ಲೆಕ್ಕದಿಂದ ಬರುತ್ತದೆ. ಡಿಸ್ಕ್‌ನಲ್ಲಿ ಕಡತ ಇಡುವ ವಿಂಡೋಸ್‌ನ ಪದ್ಧತಿ ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಸಂಕೇತ ಕೊಡುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4 ಕೊಡುವುದು 255 ಬೈಟ್, ಅಂದರೆ ಕನ್ನಡದಲ್ಲಿ 85 ಸಂಕೇತ. ಹಾಡುಗಾರರ ಹೆಸರು, ಊರು, ಜಾತ್ರೆ, ವರ್ಷ, ಪದದ ಮೊದಲ ಸಾಲು ಎಲ್ಲವನ್ನೂ ಕಡತದ ಹೆಸರಲ್ಲೇ ಬರೆದವರ ಹಾಡುಗಳು ವಿಂಡೋಸ್‌ನಿಂದ ಸರ್ವರ್‌ಗೆ ಹೋಗಲು ನಿರಾಕರಿಸುವುದು ಇದಕ್ಕೇ. ವಿವರಗಳು ಟ್ಯಾಗ್‌ನಲ್ಲಿ, ಅಂದರೆ ಹಾಡಿನ ಕಡತದೊಳಗೇ ಇರುವ ವಿವರದ ಜಾಗದಲ್ಲಿ ಇರಲಿ, ಹೆಸರು ಚಿಕ್ಕದಿರಲಿ.

ಟ್ಯಾಗ್‌ನ ಅಕ್ಷರ ಕೆಟ್ಟಿದ್ದರೆ ಹೇಗೆ ಕೆಟ್ಟಿದೆ ನೋಡಿ. ಬರೀ ಪ್ರಶ್ನೆಚಿಹ್ನೆಗಳಿದ್ದರೆ ಬರೆಯುವಾಗಲೇ ಕನ್ನಡ ಕಳೆದುಹೋಗಿದೆ, ಮತ್ತೆ ಬೆರಳಚ್ಚು ಮಾಡಬೇಕು. ತಲೆಯ ಮೇಲೆ ಗೆರೆ, ಚುಕ್ಕೆ ಇರುವ ರೋಮನ್ ಅಕ್ಷರಗಳ ಸಾಲು ಬಂದರೆ ಕನ್ನಡ ಒಳಗೆ ಉಳಿದಿರುವ ಸಾಧ್ಯತೆ ಹೆಚ್ಚು. ಯುನಿಕೋಡ್ ಕನ್ನಡವನ್ನು ಪ್ಲೇಯರ್ ತಪ್ಪು ಸಂಕೇತಪದ್ಧತಿಯಲ್ಲಿ ಓದುತ್ತಿರಬಹುದು. ಅಥವಾ ನುಡಿ, ಬರಹದ ಯುನಿಕೋಡ್‌ಪೂರ್ವ ಫಾಂಟ್‌ನಲ್ಲಿದ್ದ ಹಾಡಿನ ಪಟ್ಟಿಯಿಂದ ಯಾರೋ ನಕಲು ಅಂಟಿಸಿರಬಹುದು. ಅದನ್ನು ಯುನಿಕೋಡ್ ಪರಿವರ್ತಕದಲ್ಲಿ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಉಳಿಸುವಾಗ ಐಡಿ3 (ಎಂಪಿ3 ಟ್ಯಾಗ್‌ನ ಪದ್ಧತಿ) ಆವೃತ್ತಿ 2.3, ಯುಟಿಎಫ್-16 ಆಯ್ದುಕೊಳ್ಳಿ, ಬಹುತೇಕ ಎಲ್ಲ ಪ್ಲೇಯರ್‌ಗಳೂ ಅದನ್ನು ಓದುತ್ತವೆ. ಹಳೆಯ ಐಡಿ3ವಿ1 ಟ್ಯಾಗನ್ನು ತೆಗೆದುಬಿಡಿ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಕೆಲವು ಪ್ಲೇಯರ್‌ಗಳು ಅದನ್ನೇ ಮೊದಲು ಓದುತ್ತವೆ.

ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದದ್ದರಿಂದ ಗುಲ್ಬರ್ಗಾ, ಕಲಬುರ್ಗಿ, ಕಲಬುರಗಿ ಎಂದು ಒಂದೇ ಊರಿನ ಹಾಡುಗಳು ಮೂರು ಕಡೆ ಚದುರಿರುತ್ತವೆ. ವಿಂಗಡಣೆಯ ಟ್ಯಾಗನ್ನು ಕಲಬುರಗಿ ಎಂದು ಒಂದುಗೂಡಿಸಿ. ಕ್ಯಾಸೆಟ್ ಮೇಲೆ ಬರೆದಿದ್ದ ಹಳೆಯ ಹೆಸರನ್ನು ಟಿಪ್ಪಣಿಯ ಜಾಗದಲ್ಲಿ ಹಾಗೆಯೇ ಉಳಿಸಿ, ಅದು ಆ ಮುದ್ರಣದ ದಾಖಲೆ.

ಇಷ್ಟಾದ ಮೇಲೆ ಹಾಡಿನ ಪಟ್ಟಿ ಕೊಡುವ ತಂತ್ರಾಂಶಕ್ಕೆ ಹೊಸ ಕಡತಗಳನ್ನಷ್ಟೇ ಅಲ್ಲದೆ ಪೂರ್ತಿ ಸಂಗ್ರಹವನ್ನೇ ಮತ್ತೆ ಓದಲು ಹೇಳಿ. ಇಲ್ಲದಿದ್ದರೆ ಹಳೆಯ ಹೆಸರುಗಳು ಅದರ ಪಟ್ಟಿಯಲ್ಲಿ ಉಳಿದುಕೊಂಡು, ಸರಿಯಾದ ಹಾಡೂ ತೆರೆಯುವುದಿಲ್ಲ. ಪ್ಲೇಲಿಸ್ಟ್‌ಗಳಲ್ಲೂ ಹೆಸರುಗಳು ಹಳೆಯ ರೂಪದಲ್ಲೇ ಬರೆದಿರುತ್ತವೆ. ಅವುಗಳನ್ನು ಹೊಸದಾಗಿ ಮಾಡಿ, ಬೀದರ್, ಸೇಡಂ, ಚಿಂಚೋಳಿಯ ಒಂದೊಂದು ಹಾಡನ್ನು ಪ್ರತಿ ಕಂಪ್ಯೂಟರ್‌ನಲ್ಲೂ ಹಚ್ಚಿ ನೋಡಿ.